ಮೂವತ್ತು ಸೆಕೆಂಡಿನ ಅಂತರ: ತಾಳವಾಡಿಯ ಒಂದು ಕಂಪ್ಯೂಟರಿನಲ್ಲಿ ಕರ್ನೆಲ್ ಹೊಂದಾಣಿಕೆ

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ತಾಳವಾಡಿಯಿಂದ ಮಾತಾಡ್ತಿದ್ದೀನಿ, ಮಧ್ಯದಲ್ಲಿ ಕರೆಂಟ್ ಹೋದರೆ ಕ್ಷಮಿಸಿ. ಇವತ್ತಿನ ವಿಷಯವೂ ಅದೇ.

ತಾಳವಾಡಿ ಇರುವುದು ಈರೋಡು ಜಿಲ್ಲೆಯಲ್ಲಿ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಬರಬೇಕು; ಈ ಕಡೆಯಿಂದ ಚಾಮರಾಜನಗರವೇ ಹತ್ತಿರ. ಇಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಹಿರಿಯರ ಬಾಯಿಂದ ಬೇಸಾಯದ ಪದಗಳನ್ನು ಕೇಳಿ ದಾಖಲಿಸುವುದು ನನ್ನ ಕೆಲಸ.

ಒಂದು ಸಂಜೆ ಅಜ್ಜಿಯೊಬ್ಬರು ರಾಗಿ ಕಣದ ಬಗ್ಗೆ 35 ನಿಮಿಷ ಮಾತಾಡಿದರು. ಸುಮಾರು 185 ಎಂಬಿ ಕಡತ. ಮನೆಯ ಲಿನಕ್ಸ್ ಕಂಪ್ಯೂಟರಿಗೆ ನಕಲು ಮಾಡಿದೆ, 'ಮುಗಿಯಿತು' ಅಂತ ಬಂತು. ವೈರ್ ಕಿತ್ತು, ರೆಕಾರ್ಡರಿನಲ್ಲಿದ್ದ ಮೂಲವನ್ನು ಅಳಿಸಿದೆ. ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಮತ್ತೆ ಆನ್ ಮಾಡಿದಾಗ ಕಡತದ ಹೆಸರಿತ್ತು, ಗಾತ್ರ ಸೊನ್ನೆ.

ಹೀಗೇಕಾಯ್ತು? ನಕಲು ಮಾಡಿದ ದತ್ತಾಂಶ ಮೊದಲು ಹೋಗುವುದು ಮೆಮೊರಿಗೆ. ಡಿಸ್ಕಿಗೆ ಇನ್ನೂ ಸೇರದ ಇಂಥ ಪುಟಗಳಿಗೆ 'ಡರ್ಟಿ ಪೇಜ್' ಅಂತಾರೆ. ಇವನ್ನು ಯಾವಾಗ ಬರೆಯಬೇಕೆಂದು ಕರ್ನೆಲ್ಲಿನ ಮೆಮೊರಿ ಉಪವ್ಯವಸ್ಥೆ ನಿರ್ಧರಿಸುತ್ತದೆ. ಅದಕ್ಕೆ ಮುಖ್ಯವಾಗಿ ಮೂರು ಸೆಟ್ಟಿಂಗ್.

ಒಂದು, ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೊ, ಸಾಮಾನ್ಯವಾಗಿ 10. ಲಭ್ಯ ಮೆಮೊರಿಯ ಶೇ. 10 ತುಂಬಿದ ಮೇಲೆ ಹಿನ್ನೆಲೆಯಲ್ಲಿ ಬರವಣಿಗೆ ಶುರು. ನನ್ನಲ್ಲಿ 3 ಜಿಬಿಯಷ್ಟು ಲಭ್ಯವಿತ್ತು; ಮಿತಿ ಸುಮಾರು 300 ಎಂಬಿ. ನನ್ನ ಕಡತ ಅದನ್ನು ಮುಟ್ಟಲೇ ಇಲ್ಲ.

ಎರಡು, ಡರ್ಟಿ ಎಕ್ಸ್‌ಪೈರ್ ಸೆಂಟಿಸೆಕ್ಸ್: 3000, ಅಂದರೆ 30 ಸೆಕೆಂಡು. ಪುಟ ಇಷ್ಟು ಹಳತಾದ ಮೇಲೆ ಬರೆಯಲು ಅರ್ಹ.

ಮೂರು, ಡರ್ಟಿ ರೈಟ್‌ಬ್ಯಾಕ್ ಸೆಂಟಿಸೆಕ್ಸ್: 500. ಬರೆಯುವ ಕೆಲಸಗಾರ ಐದು ಸೆಕೆಂಡಿಗೊಮ್ಮೆ ಎದ್ದು ನೋಡ್ತಾನೆ.

ಅಂದರೆ ಸುಮಾರು 35 ಸೆಕೆಂಡಿನವರೆಗೂ ಅಜ್ಜಿಯ ಮಾತು ಬರೀ ಮೆಮೊರಿಯಲ್ಲಿ ಇರಬಹುದಿತ್ತು. ಹೆಸರು ಮಾತ್ರ ಹೇಗೆ ಉಳಿಯಿತು? ಇಎಕ್ಸ್‌ಟಿ4 ತನ್ನ ಜರ್ನಲ್ಲನ್ನು ಐದು ಸೆಕೆಂಡಿಗೊಮ್ಮೆ ಬರೆಯುತ್ತೆ, ಆದರೆ ದತ್ತಾಂಶಕ್ಕೆ ಜಾಗ ಕೊಡುವುದನ್ನು ಕೊನೆಯ ಗಳಿಗೆವರೆಗೂ ಮುಂದೂಡುತ್ತೆ. ಮನೆ ಮುಂದೆ ಹೆಸರಿನ ಫಲಕ ಹಾಕಿ, ಮನೆಯನ್ನೇ ಕಟ್ಟದ ಹಾಗೆ.

ಈ ಸೆಟ್ಟಿಂಗುಗಳನ್ನು ಬದಲಿಸುವ ಸಾಧನ ಸಿಸ್‌ಸಿಟಿಎಲ್. ಇದು 4.4 ಬಿಎಸ್‌ಡಿಯಲ್ಲಿ ಬಂದದ್ದು. ಫ್ರೀಬಿಎಸ್‌ಡಿಯಲ್ಲೂ ಇದೆ, ಆದರೆ ಹೆಸರುಗಳು ಬೇರೆ. ನಾನು ಎಕ್ಸ್‌ಪೈರನ್ನು 500ಕ್ಕೆ, ರೈಟ್‌ಬ್ಯಾಕನ್ನು 100ಕ್ಕೆ ಇಳಿಸಿದೆ. ಅಂತರ ಆರು ಸೆಕೆಂಡಿನ ಆಸುಪಾಸಿಗೆ ಬಂತು. ಎರಡು ಎಚ್ಚರಿಕೆ: ರೈಟ್‌ಬ್ಯಾಕಿಗೆ ಸೊನ್ನೆ ಹಾಕಿದ್ರೆ 'ತಕ್ಷಣ' ಅಂತ ಅರ್ಥವಲ್ಲ, ಆ ನಿಗದಿತ ಬರವಣಿಗೆಯೇ ನಿಂತುಹೋಗುತ್ತೆ. ಜೊತೆಗೆ, ಆಜ್ಞೆ ಕೊಟ್ಟು ಬದಲಿಸಿದ್ದು ಮರುಚಾಲನೆಯವರೆಗೆ ಮಾತ್ರ. ಉಳಿಯಬೇಕಾದರೆ ಇಟಿಸಿ ಅಡಿಯ 'ಸಿಸ್‌ಸಿಟಿಎಲ್ ಡಾಟ್ ಡಿ' ಕೋಶದಲ್ಲಿ 'ಕಾನ್ಫ್' ಕಡತವಾಗಿ ಬರೆದಿಡಬೇಕು.

ಪ್ರಶ್ನೆ: ಸ್ವಾಪಿನೆಸ್ ಕಡಿಮೆ ಮಾಡಿದ್ರೆ ಸಾಲದೇ?

ಇಲ್ಲ ಸರ್. ಅದರ ಸಾಮಾನ್ಯ ಬೆಲೆ 60. ಮೆಮೊರಿ ಸಾಲದಾದಾಗ ಪ್ರೋಗ್ರಾಮಿನ ಪುಟಗಳನ್ನು ಸ್ವಾಪಿಗೆ ತಳ್ಳಬೇಕೋ, ಕಡತದ ಸಂಗ್ರಹವನ್ನು ಬಿಡಬೇಕೋ ಅನ್ನುವ ತೂಕ ಅದು. ಡಿಸ್ಕಿಗೆ ಬರೆಯುವ ಗಡುವನ್ನು ಅದು ಮುಟ್ಟಲ್ಲ.

ಪ್ರಶ್ನೆ: ಹಾಗಾದ್ರೆ ಇದರಿಂದ ನಷ್ಟವೇನೂ ಇಲ್ವಾ?

ಇದೆ. ಡಿಸ್ಕಿಗೆ ಬರವಣಿಗೆ ಜಾಸ್ತಿಯಾಗುತ್ತೆ, ಸಣ್ಣಸಣ್ಣ ಬದಲಾವಣೆಗಳನ್ನು ಒಟ್ಟುಗೂಡಿಸುವ ಲಾಭ ತಗ್ಗುತ್ತೆ. ಇನ್ನೂ ಮುಖ್ಯ, ಆರು ಸೆಕೆಂಡೂ ಸೊನ್ನೆಯಲ್ಲ. ಅದಕ್ಕೇ ಈಗ ನಕಲಾದ ಮೇಲೆ 'ಸಿಂಕ್' ಆಜ್ಞೆ ಕೊಟ್ಟು, ಅದು ಮುಗಿಯುವವರೆಗೂ ಕಾಯ್ತೀನಿ. ಇನ್ನೊಂದು ಪ್ರತಿ ಮಾಡದೆ ಮೂಲ ಅಳಿಸಲ್ಲ. ಸೆಟ್ಟಿಂಗ್ ಅಪಾಯವನ್ನು ಕಿರಿದು ಮಾಡುತ್ತೆ, ಮುಚ್ಚುವುದು ಅಭ್ಯಾಸ.

ಅಜ್ಜಿಯ ಹತ್ತಿರ ಮತ್ತೆ ಹೋಗಿದ್ದೆ. "ಆಗ್ಲೆ ಏಳಿದ್ನಲ್ಲ ಮೊಗ, ಇನ್ನೇನ್ ಏಳ್ಲಿ?" ಅಂದರು. ಹೇಳಿದರು ಕೂಡ, ಹನ್ನೆರಡು ನಿಮಿಷ. ಮೊದಲ ಸಲ ಬಂದಿದ್ದ ಎಷ್ಟೋ ಪದಗಳು ಈ ಸಲ ಬರಲಿಲ್ಲ. ಅವು ಯಾವುವೆಂದು ನನಗೂ ನೆನಪಿಲ್ಲ. ಯಂತ್ರ ಇಟ್ಟುಕೊಂಡಿದೆ ಅಂತ ನಾನು ಬರೆದುಕೊಂಡಿರಲಿಲ್ಲ.