ಕೊನೆಯ ಬೆಂಚಿಗೂ ಕಾಣುವ ಸ್ಲೈಡು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿಯೂ ಈಗ ವಿದ್ಯಾರ್ಥಿಗಳೇ ಸೆಮಿನಾರು ನಡೆಸುವ ರೂಢಿ ಬಂದಿದೆ. ಸೀಮೆಸುಣ್ಣ ಹಿಡಿಯುತ್ತಿದ್ದ ಕೈ ಕಂಪ್ಯೂಟರಿನ ಗುಂಡಿಯನ್ನು ಒತ್ತುತ್ತದೆ. ತೆರೆಯ ಮೇಲೆ ಸ್ಲೈಡು ಮೂಡುತ್ತದೆ. ಆದರೆ ತೆರೆಯ ಮೇಲೆ ಮೂಡಿದುದೆಲ್ಲ ನೋಡುವವರ ಮನಸ್ಸಿನಲ್ಲಿಯೂ ಮೂಡಿತೆಂದು ಹೇಳುವಂತಿಲ್ಲ. ಸ್ಲೈಡನ್ನು ರಚಿಸುವವರು ಕಂಪ್ಯೂಟರಿನಿಂದ ಎರಡಡಿ ದೂರದಲ್ಲಿ ಕುಳಿತಿರುತ್ತಾರೆ. ಅದನ್ನು ಓದಬೇಕಾದವರು ಮೂವತ್ತು ಅಡಿ ದೂರದ ಕೊನೆಯ ಬೆಂಚಿನಲ್ಲಿರುತ್ತಾರೆ. ಈ ಅಂತರವನ್ನು ಮರೆಯುವುದೇ ಬಹುಪಾಲು ದೋಷಗಳಿಗೆ ಮೂಲ.

ಒಳ್ಳೆಯ ಸ್ಲೈಡೆಂದರೆ ಅಲಂಕಾರದ ಮಾತೆಂದು ಹಲವರ ಭಾವನೆ. ವಾಸ್ತವವಾಗಿ ಅದು ಬಹುಮಟ್ಟಿಗೆ ಕಣ್ಣಿನ ಮತ್ತು ಬೆಳಕಿನ ನಿಯಮಗಳಿಗೆ ಒಳಪಟ್ಟ ವಿಷಯ. ಆದುದರಿಂದ ಅದನ್ನು ಲೆಕ್ಕ ಹಾಕಿಯೇ ನೋಡಬಹುದು.

ವಿದ್ಯಾರ್ಥಿನಿಯೊಬ್ಬಳು ಬ್ಯಾಡಗಿ ಮೆಣಸಿನಕಾಯಿಯನ್ನು ಕುರಿತು ಮಾತನಾಡಲಿರುವಳೆಂದು ಭಾವಿಸೋಣ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿ ಖಾರಕ್ಕಿಂತ ಹೆಚ್ಚಾಗಿ ಕೆಂಪಿಗೆ ಹೆಸರಾದುದು. ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ವಿಷಯ ಸೊಗಸಾಗಿದೆ. ಅದನ್ನು ತೆರೆಯ ಮೇಲೆ ತರುವುದು ಹೇಗೆ?

ಅಕ್ಷರ ಎಷ್ಟು ದೊಡ್ಡದಿರಬೇಕು?

ಆರೋಗ್ಯವಂತ ಕಣ್ಣು ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವಣ ಅಂತರವು ಕಣ್ಣಿನಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟಾದರೂ ಕೋನವನ್ನು ಉಂಟುಮಾಡಬೇಕು. ಹತ್ತು ಮೀಟರು ದೂರದಲ್ಲಿ ಇಷ್ಟು ಕೋನಕ್ಕೆ ಸಮನಾದ ಅಳತೆ ಸುಮಾರು 3 ಮಿಲಿಮೀಟರು. ಇದಕ್ಕಿಂತ ಸಣ್ಣ ವಿವರಗಳು ಒಂದರಲ್ಲೊಂದು ಕಲೆತುಹೋಗುತ್ತವೆ.

ಈಗ ನಮ್ಮ ಲಿಪಿಯನ್ನು ನೋಡಿರಿ. ‘ರ’ ಮತ್ತು ‘ಠ’ ಅಕ್ಷರಗಳಿಗೆ ಇರುವ ಭೇದ ಒಳಗಿನ ಒಂದು ಚುಕ್ಕೆ. ‘ದ’ ಮತ್ತು ‘ಧ’ ಅಕ್ಷರಗಳಿಗೆ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳು. ಇಂಥ ಗುರುತುಗಳು ಅಕ್ಷರದ ಎತ್ತರದಲ್ಲಿ ಸುಮಾರು ಹತ್ತನೆಯ ಒಂದು ಪಾಲಿರುತ್ತವೆನ್ನೋಣ. ತೆರೆಯ ಮೇಲೆ ಅಕ್ಷರದ ಎತ್ತರ 2 ಸೆಂಟಿಮೀಟರಾದರೆ ಗುರುತು 2 ಮಿಲಿಮೀಟರು ಮಾತ್ರ. ಹತ್ತು ಮೀಟರು ದೂರದಿಂದ ಅದು ಕಾಣುವುದಿಲ್ಲ. ಅಕ್ಷರವು 6 ಸೆಂಟಿಮೀಟರಾದರೆ ಗುರುತು 6 ಮಿಲಿಮೀಟರಾಗುತ್ತದೆ, ಓದು ಸುಲಭವಾಗುತ್ತದೆ.

ತೆರೆಯ ಎತ್ತರ ಒಂದೂವರೆ ಮೀಟರೆಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಣಿತದ ಚಿಹ್ನೆ ಬರುವುದರಿಂದ, ಪ್ರತಿ ಸಾಲಿಗೂ ಅಕ್ಷರದ ಎತ್ತರದಷ್ಟೇ ಬಿಡುವು ಬೇಕು. ಹಾಗಾದರೆ ಸಾಲೊಂದಕ್ಕೆ 12 ಸೆಂಟಿಮೀಟರು. ಇಡೀ ತೆರೆಗೆ ಹನ್ನೆರಡೇ ಸಾಲು. ಶೀರ್ಷಿಕೆಗೂ ಅಂಚಿಗೂ ಸ್ಥಳ ಬಿಟ್ಟರೆ ಉಳಿಯುವುದು ಏಳೆಂಟು ಸಾಲು. ಸ್ಲೈಡಿನಲ್ಲಿ ಕಡಿಮೆ ಬರೆಯಿರೆಂಬ ಉಪದೇಶದ ಹಿಂದೆ ಇರುವ ಗಣಿತ ಇದು.

ಪ್ರೊಜೆಕ್ಟರು ಕಪ್ಪನ್ನು ಚೆಲ್ಲಲಾರದು

ಪ್ರೊಜೆಕ್ಟರು ಬೆಳಕನ್ನು ಚೆಲ್ಲಬಲ್ಲದು, ಕತ್ತಲೆಯನ್ನು ಚೆಲ್ಲಲಾರದು. ತೆರೆಯ ಮೇಲೆ ನಾವು ಕಪ್ಪೆಂದು ಕರೆಯುವುದು ಕೇವಲ ಪ್ರೊಜೆಕ್ಟರಿನ ಬೆಳಕು ಬೀಳದ ಭಾಗ. ಕಿಟಕಿಯಿಂದ ಬರುವ ಹಗಲಿನ ಬೆಳಕು ಅಲ್ಲಿಯೂ ಬೀಳುತ್ತದೆ.

3000 ಲ್ಯೂಮೆನ್ ಸಾಮರ್ಥ್ಯದ ಪ್ರೊಜೆಕ್ಟರು 2 ಮೀಟರು ಅಗಲ, 1.5 ಮೀಟರು ಎತ್ತರದ ತೆರೆಯನ್ನು ಬೆಳಗಿದರೆ, ಪ್ರತಿ ಚದರ ಮೀಟರಿಗೆ 1000 ಲ್ಯೂಮೆನ್, ಎಂದರೆ 1000 ಲಕ್ಸ್ ಬೆಳಕು ದೊರೆಯುತ್ತದೆ. ಕಿಟಕಿಗಳು ತೆರೆದಿದ್ದು 500 ಲಕ್ಸ್ ಹಗಲು ಬೆಳಕೂ ಅಲ್ಲಿ ಬಿದ್ದರೆ, ಬಿಳಿಯ ಭಾಗ 1500, ಕಪ್ಪಿನ ಭಾಗ 500. ಎರಡರ ಪ್ರಮಾಣ ಕೇವಲ ಮೂರಕ್ಕೆ ಒಂದು. ಪರದೆ ಎಳೆದು ಹಗಲು ಬೆಳಕನ್ನು 50 ಲಕ್ಸಿಗೆ ಇಳಿಸಿದರೆ ಪ್ರಮಾಣವು ಇಪ್ಪತ್ತೊಂದಕ್ಕೆ ಒಂದಾಗುತ್ತದೆ. ಒಂದು ಪರದೆಯ ಬಟ್ಟೆ ಪ್ರೊಜೆಕ್ಟರಿನ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದಂತಾಯಿತು!

ಮೆಣಸಿನಕಾಯಿಯ ವಿಷಯವೆಂದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳನ್ನು ಬಳಸಿದರೇನು? ಕಂಪ್ಯೂಟರಿನ ತೆರೆಗಳಲ್ಲಿ ಬಿಳಿಯ ಹೊಳಪಿನಲ್ಲಿ ಹಸಿರಿನ ಪಾಲು ನೂರಕ್ಕೆ ಸುಮಾರು 72, ಕೆಂಪಿನದು 21, ನೀಲಿಯದು 7. ಪ್ರೊಜೆಕ್ಟರಿಗೂ ಇದೇ ಲೆಕ್ಕವನ್ನು ಹಿಡಿದರೆ, ತೆರೆದ ಕಿಟಕಿಯ ಕೋಣೆಯಲ್ಲಿ ಕೆಂಪಕ್ಷರದ ಬೆಳಕು 710, ಹಿನ್ನೆಲೆಯದು 500. ಪ್ರಮಾಣ ಒಂದೂವರೆಯನ್ನೂ ಮುಟ್ಟುವುದಿಲ್ಲ. ಅಂಗಡಿಯ ಚೀಲದಲ್ಲಿ ಕಣ್ಣು ಸೆಳೆಯುವ ಬ್ಯಾಡಗಿಯ ಕೆಂಪು ತೆರೆಯ ಮೇಲೆ ಮಂಕಾಗುತ್ತದೆ. ಕೆಂಪು-ಹಸಿರುಗಳ ಭೇದವನ್ನು ಕಾಣಲಾರದವರೂ ತರಗತಿಯಲ್ಲಿ ಇರಬಹುದು. ಕೆಂಪನ್ನು ಚಿತ್ರಕ್ಕೆ ಮೀಸಲಿಟ್ಟು, ಬಿಳಿಯ ಮೇಲೆ ಕಪ್ಪಕ್ಷರ ಬರೆಯುವುದು ಕ್ಷೇಮ.

ಒಂದು ಸ್ಲೈಡಿಗೆ ಒಂದು ಮಾತು

ಬರೆದುದನ್ನು ಓದುತ್ತಲೇ ಬೇರೊಂದು ಮಾತನ್ನು ಕೇಳಿ ಗ್ರಹಿಸುವುದು ಮನಸ್ಸಿಗೆ ಕಷ್ಟ. ಏಕೆಂದರೆ ಎರಡೂ ಭಾಷೆಯ ಕೆಲಸವೇ. ಚಿತ್ರವನ್ನು ನೋಡುತ್ತ ವಿವರಣೆ ಕೇಳುವುದು ಸುಲಭ. ಆದುದರಿಂದ ಮಾತು ಕಿವಿಗೆ, ಚಿತ್ರ ಕಣ್ಣಿಗೆ ಎಂದು ಹಂಚಬೇಕು. ಮೆಣಸಿನಕಾಯಿಯ ಕೆಂಪು ಬೆಳಕಿಗೂ ಗಾಳಿಗೂ ಸಿಕ್ಕಿ ದಿನಕಳೆದಂತೆ ಮಾಸುತ್ತದೆ. ಬ್ಯಾಡಗಿಯಲ್ಲಿ ಕಾಯಿಗಳನ್ನು ಕೋಲ್ಡ್ ಸ್ಟೋರೇಜುಗಳಲ್ಲಿ ಇಡುವುದು ಇದಕ್ಕೂ ಉಪಯುಕ್ತ. ಇದನ್ನು ತೋರಿಸಲು ತಿಂಗಳು ತಿಂಗಳಿನ ಅಂಕಿಗಳ ಕೋಷ್ಟಕ ಬೇಡ. ಕೆಳಗಿಳಿಯುವ ಒಂದು ಗೆರೆ ಸಾಕು. ಶೀರ್ಷಿಕೆಯೂ ‘ಬಣ್ಣದ ಅಧ್ಯಯನ’ ಎಂದಿರದೆ ‘ತಂಪಿನಲ್ಲಿಟ್ಟರೆ ಕೆಂಪು ಉಳಿಯುತ್ತದೆ’ ಎಂದಿರಲಿ. ಫಲಿತಾಂಶವೇ ಶೀರ್ಷಿಕೆಯಾದರೆ ಕೇಳುವವರು ದಾರಿ ತಪ್ಪುವುದಿಲ್ಲ.

ಶೀರ್ಷಿಕೆಯ ಮಹತ್ವ ಎಷ್ಟೆಂಬುದಕ್ಕೆ ಘೋರವಾದ ನಿದರ್ಶನವೊಂದಿದೆ. 2003ರ ಜನವರಿಯಲ್ಲಿ ಕೊಲಂಬಿಯ ಗಗನನೌಕೆಯು ಮೇಲೇರುವಾಗ ನೊರೆವಸ್ತುವಿನ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಸ್ಲೈಡುಗಳ ಮೂಲಕ ವರದಿ ಒಪ್ಪಿಸಿದರು. ಅವುಗಳಲ್ಲಿ ಒಂದರ ಶೀರ್ಷಿಕೆ ಧೈರ್ಯ ತುಂಬುವಂತಿತ್ತು. ಆದರೆ ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲ, ಬಡಿದಿರಬಹುದಾದ ತುಂಡು 1920 ಘನ ಅಂಗುಲ ಎಂಬ ಸಂಗತಿ ಅದೇ ಸ್ಲೈಡಿನ ತಳದ ಸಣ್ಣಕ್ಷರಗಳಲ್ಲಿ ಅಡಗಿತ್ತು. ಆರುನೂರ ನಲವತ್ತು ಪಟ್ಟು ಅಂತರ! ಫೆಬ್ರವರಿ 1ರಂದು ಮರಳುವಾಗ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಮೊದಲಾದ ಏಳು ಮಂದಿ ಮಡಿದರು. ಸ್ಲೈಡೇ ದುರಂತಕ್ಕೆ ಕಾರಣವೆಂದಲ್ಲ. ಆದರೆ ಮುಖ್ಯವಾದುದನ್ನು ಹೀಗೆ ಹೂತಿಟ್ಟುದನ್ನು ತನಿಖಾ ಮಂಡಲಿ ತನ್ನ ವರದಿಯಲ್ಲಿ ಎತ್ತಿ ತೋರಿಸಿತು.

ಎರಡು ಎಚ್ಚರಿಕೆಗಳು

ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಮತ್ತೊಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದುದು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಬಿಡುತ್ತದೆ. ಯುನಿಕೋಡಿನಲ್ಲಿ ಬರೆದು, ಪಿಡಿಎಫ್ ಪ್ರತಿಯೊಂದನ್ನೂ ಜೊತೆಗೆ ಒಯ್ಯಬೇಕು.

ಇನ್ನೊಂದು, ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ. ಎರಡು ಮೀಟರು ಅಗಲದ ತೆರೆ ಹತ್ತು ಮೀಟರು ದೂರಕ್ಕೆ ಎಷ್ಟು ದೊಡ್ಡದಾಗಿ ಕಾಣುವುದೋ, 30 ಸೆಂಟಿಮೀಟರು ಅಗಲದ ಲ್ಯಾಪ್‌ಟಾಪಿನ ತೆರೆ ಒಂದೂವರೆ ಮೀಟರು ದೂರಕ್ಕೆ ಅಷ್ಟೇ ದೊಡ್ಡದಾಗಿ ಕಾಣುವುದು. ಸ್ಲೈಡು ಸಿದ್ಧವಾದ ಮೇಲೆ ಎದ್ದು, ಐದಡಿ ಹಿಂದಕ್ಕೆ ಸರಿದು ನಿಂತು ಓದಿ ನೋಡಿರಿ. ಓದಲು ಬಾರದ ಸಾಲನ್ನು ಅಳಿಸಿರಿ, ಇಲ್ಲವೇ ದೊಡ್ಡದು ಮಾಡಿರಿ.