ಖಿನ್ನತೆ: ಹೇಳಿಕೊಳ್ಳಲು ಒಂದು ಭಾಷೆ ಬೇಕು

‘ಖಿನ್ನತೆ’ ಎಂಬುದು ಪುಸ್ತಕದ ಪದ. ನಮ್ಮ ಮನೆಗಳಲ್ಲಿ ಯಾರೂ ‘ನನಗೆ ಖಿನ್ನತೆಯಾಗಿದೆ’ ಎನ್ನುವುದಿಲ್ಲ. ‘ಯಾಕೋ ಬೇಜಾರು’, ‘ಎದೆ ಭಾರ’, ‘ಊಟ ಸೇರುವುದಿಲ್ಲ’ ಎನ್ನುತ್ತಾರೆ. ಆದ್ದರಿಂದಲೇ ಮೊದಲು ಕಾಣುವುದು ಹೊಟ್ಟೆಯ ವೈದ್ಯರನ್ನೋ ಹೃದಯದ ವೈದ್ಯರನ್ನೋ. ಪರೀಕ್ಷೆಗಳೆಲ್ಲ ಸರಿಯಾಗಿವೆ ಎಂದು ತಿಳಿದ ಮೇಲೆ ‘ಸುಮ್ಮನೆ ಚಿಂತೆ ಮಾಡಬೇಡಿ’ ಎಂಬ ಮಾತಿಗೆ ವಿಷಯ ಮುಗಿಯುತ್ತದೆ, ರೋಗ ಮುಗಿದಿರುವುದಿಲ್ಲ.

ದುಃಖಕ್ಕೆ ಕಾರಣವಿರುತ್ತದೆ, ನಡುನಡುವೆ ಬಿಡುವೂ ಇರುತ್ತದೆ. ಎರಡು ವಾರಗಳಿಗೂ ಮೀರಿ, ದಿನದ ಬಹುಪಾಲು ಮನಸ್ಸು ಕುಗ್ಗಿ, ಇಷ್ಟದ ಕೆಲಸಗಳೂ ಬೇಡವಾಗಿ, ನಿದ್ರೆ ಹಸಿವುಗಳು ಏರುಪೇರಾಗಿ, ‘ನಾನು ಯಾವುದಕ್ಕೂ ಬಾರದವನು’ ಎಂಬ ಭಾವ ನೆಲೆಯೂರಿದರೆ ಅದು ಚಿಕಿತ್ಸೆ ಬೇಡುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗಿರುತ್ತಾರೆ. ಖಿನ್ನತೆಯುಳ್ಳವರಲ್ಲಿ ಶೇಕಡಾ 85ರಷ್ಟು ಜನ ಚಿಕಿತ್ಸೆಯಿಂದ ದೂರ ಉಳಿದಿದ್ದರು.

ನಾಗಪುರದ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಮಾತಿನ ಚಿಕಿತ್ಸೆಯಲ್ಲಿ ಮಾತೇ ಔಷಧ. ತರಕಾರಿ ಕೊಳ್ಳಲು ಸಾಕಾಗುವ ಹಿಂದಿ, ಮರಾಠಿ ಮನಸ್ಸಿನ ನೋವು ತೋಡಿಕೊಳ್ಳಲು ಸಾಲದು. ನಿವೃತ್ತಿಯ ನಂತರ ಮಕ್ಕಳೊಡನೆ ಇರಲು ಬಂದ ಹಿರಿಯರಿಗಂತೂ ಹಗಲಿಡೀ ಕನ್ನಡದಲ್ಲಿ ಮಾತನಾಡುವವರೇ ಸಿಗುವುದಿಲ್ಲ. ಜೊತೆಗೆ ಹೋದ ಮಗನೋ ಸೊಸೆಯೋ ಅನುವಾದ ಮಾಡಲು ಕುಳಿತರೆ, ಆ ಮಗ ಸೊಸೆಯರ ಕುರಿತಾದ ಕೊರಗನ್ನು ಅವರು ಹೇಳುವುದಾದರೂ ಹೇಗೆ?

ಇದಕ್ಕೆ ದಾರಿಯಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡುವಾಗ ಮನೆಯವರು ಕೋಣೆಯಿಂದ ಹೊರಗಿರುವುದು ಒಳ್ಳೆಯದು. ಎದುರಿಗೇ ಕುಳಿತು ಮಾತನಾಡಲು ಇಲ್ಲಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿಯೂ ಏಮ್ಸ್‌ನಲ್ಲಿಯೂ ಮನೋವೈದ್ಯ ವಿಭಾಗಗಳಿವೆ. 1864ರಷ್ಟು ಹಳೆಯದಾದ ಪ್ರಾದೇಶಿಕ ಮನೋರುಗ್ಣಾಲಯದ ಹೆಸರು ಕೇಳಿಯೇ ಹೆದರುವವರಿದ್ದಾರೆ. ಅಲ್ಲಿಯೂ ಹೊರರೋಗಿಗಳಾಗಿ ತೋರಿಸಿಕೊಂಡು ಮನೆಗೆ ಮರಳಬಹುದು.

ಚಿಕಿತ್ಸಕರು ಉಪದೇಶ ಮಾಡುವುದಿಲ್ಲ. ‘ಮಗಳು ಫೋನು ಮಾಡಲಿಲ್ಲ, ನಾನು ಯಾರಿಗೂ ಬೇಡ’ ಎಂಬ ಯೋಚನೆಯನ್ನು ಹಿಡಿದು, ಬೇರೆ ಕಾರಣವೂ ಇರಬಹುದೇ ಎಂದು ರೋಗಿಯೊಡನೆ ಸೇರಿ ಹುಡುಕುತ್ತಾರೆ. ಸಂಜೆ ಅಂಬಾಝರಿ ಕೆರೆಯ ಬಳಿ ಹದಿನೈದು ನಿಮಿಷ ನಡೆಯುವಂಥ ಸಣ್ಣ ಕೆಲಸ ಗೊತ್ತುಮಾಡಿ, ಮುಂದಿನ ಭೇಟಿಯಲ್ಲಿ ವಿಚಾರಿಸುತ್ತಾರೆ. ಉತ್ಸಾಹ ಬಂದ ಮೇಲೆ ನಡೆಯೋಣ ಎಂದು ಕಾದರೆ ಅದು ಬಾರದು. ನಡೆದ ಮೇಲೆ ತುಸು ಬರುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಂತೆ ಕೆಲವು ತಿಂಗಳು ಇದು ಸಾಗುತ್ತದೆ. ತೀವ್ರವಾಗಿದ್ದರೆ ಮಾತ್ರೆಯೂ ಬೇಕಾದೀತು. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಯಾರಾದರೂ ‘ಬದುಕು ಸಾಕಾಗಿದೆ’ ಎಂದರೆ ಮಾತು ಮರೆಸಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.