ನೋಟದ ಮಿತವ್ಯಯ

ವಾಚಕರು ಈ ಪುಟದ ಯಾವುದಾದರೊಂದು ಅಕ್ಷರದ ಮೇಲೆ ಕಣ್ಣು ನೆಟ್ಟು, ಅದನ್ನು ಕದಲಿಸದೆಯೇ, ನಾಲ್ಕಾರು ಸಾಲು ಕೆಳಗಿರುವ ಪದವನ್ನು ಓದಲು ಯತ್ನಿಸಿ ನೋಡಬೇಕು. ಅಲ್ಲೊಂದು ಪದವಿದೆಯೆಂಬುದು ತಿಳಿಯುತ್ತದೆ; ಅದು ಯಾವುದೆಂಬುದು ತಿಳಿಯುವುದಿಲ್ಲ. ಪುಟವೆಲ್ಲವೂ ನಮಗೆ ಸ್ಪಷ್ಟವಾಗಿ ಕಾಣುತ್ತಿದೆ ಎಂಬುದು ಬರಿಯ ಭ್ರಮೆ. ತೋಳನ್ನು ನೀಡಿ ಹಿಡಿದಾಗ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮರೆಸುತ್ತದೆಯೋ ಸುಮಾರು ಅಷ್ಟನ್ನು, ಎಂದರೆ 2 ಡಿಗ್ರಿಯಷ್ಟನ್ನು ಮಾತ್ರವೇ, ಕಣ್ಣು ಒಂದು ಸಲಕ್ಕೆ ತೀಕ್ಷ್ಣವಾಗಿ ಕಾಣಬಲ್ಲುದು.

ಇದು ಕಣ್ಣಿನ ಕೊರತೆಯಲ್ಲ, ಜಾಣ್ಮೆ. ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಕಿರಿದಾದ ಕುಳಿಯಿದೆ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುವ ಶಂಕುಕೋಶಗಳು ಅಲ್ಲಿ ಒತ್ತೊತ್ತಾಗಿವೆ. ಅಂಚಿನತ್ತ ಹೋದಂತೆ ವಿರಳವಾಗುತ್ತವೆ. ಒಂದು ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು 10 ಕೋಟಿಗೂ ಮಿಕ್ಕಿದ್ದರೆ, ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಸುಮಾರು 10 ಲಕ್ಷ ಮಾತ್ರ. ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ಲೋಕವನ್ನೆಲ್ಲ ಸಾಗಿಸುವುದೆಂತು? ನಡುವೆ ಧಾರಾಳ, ಅಂಚಿನಲ್ಲಿ ಬಿಗಿಗೈ: ಇದು ನಿಸರ್ಗ ಕಂಡುಕೊಂಡ ಉಪಾಯ. ಉಳಿದುದನ್ನು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿದು ತುಂಬಿಕೊಳ್ಳುತ್ತದೆ.

ನಮ್ಮ ಯಂತ್ರಗಳಿಗೆ ಈ ಜಾಣ್ಮೆ ಬಹುಕಾಲ ತಿಳಿದಿರಲಿಲ್ಲ. 1920ಕ್ಕೆ 1080ರ ಅಳತೆಯ ಸಾಧಾರಣ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಸೆಕೆಂಡಿಗೆ 60 ಚಿತ್ರಗಳೆಂದರೆ, 12 ಕೋಟಿಗೂ ಹೆಚ್ಚು ಚುಕ್ಕೆಗಳನ್ನು ಲೆಕ್ಕಹಾಕಬೇಕು. ಮುಖಕ್ಕೆ ತೊಡುವ ಸಾಧನಗಳಲ್ಲಿ ಈ ಹೊರೆ ಇನ್ನೂ ದೊಡ್ಡದು. 2024ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊದ ಎರಡು ಪರದೆಗಳಲ್ಲಿರುವ ಪಿಕ್ಸೆಲ್‌ಗಳು ಸುಮಾರು 2 ಕೋಟಿ 30 ಲಕ್ಷ. ಅಷ್ಟನ್ನೂ ಒಂದೇ ಶ್ರದ್ಧೆಯಿಂದ ಬಿಡಿಸಹೊರಟರೆ ಯಂತ್ರ ಕಾಯುತ್ತದೆ, ಬ್ಯಾಟರಿ ಬರಿದಾಗುತ್ತದೆ. ನೋಡುವವನಿಗೆ ದಕ್ಕುವುದು ಮಾತ್ರ ಉಗುರಿನಷ್ಟು ಭಾಗ!

ಆದುದರಿಂದ, ನೋಟವಿರುವ ಕಡೆ ಮಾತ್ರ ಚಿತ್ರವನ್ನು ಸ್ಪಷ್ಟವಾಗಿ ಬಿಡಿಸಿ ಉಳಿದೆಡೆ ಸ್ಥೂಲವಾಗಿ ಬಿಟ್ಟರೆ ಸಾಲದೆ? ಟೆಕ್ಸಾಸ್ ವಿಶ್ವವಿದ್ಯಾಲಯದ ಗೈಸ್ಲರ್ ಮತ್ತು ಪೆರಿ ಎಂಬುವರು 1998ರಲ್ಲಿಯೇ ಕಿರಿದಾದ ಸಂಪರ್ಕದಲ್ಲಿ ವಿಡಿಯೊ ಕಳಿಸಲು ಈ ತತ್ತ್ವವನ್ನು ಪ್ರಯೋಗಿಸಿದರು. 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ನೋಟದ ಬಿಂದುವಿನ ಸುತ್ತ ಸ್ಪಷ್ಟ, ಮಧ್ಯಮ, ಸ್ಥೂಲ ಎಂದು ಮೂರು ಪದರಗಳಲ್ಲಿ ಚಿತ್ರ ಬಿಡಿಸಿ, ಕೆಲಸ ಐದಾರು ಪಟ್ಟು ವೇಗವಾದುದನ್ನು ತೋರಿಸಿದರು. 2023ರ ಪ್ಲೇಸ್ಟೇಷನ್ ವಿಆರ್ 2 ಇದನ್ನು ಆಟಗಾರರ ಮನೆಗೇ ತಂದಿತು.

ಯಂತ್ರ ನೋಟವನ್ನು ಹಿಡಿಯುವ ಬಗೆ ಹೀಗೆ: ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕಣ್ಣಿನ ಮೇಲೆ ಬೀರಿ, ಪಾಪೆಯನ್ನೂ ಅದರ ಬಳಿಯ ಮಿನುಗನ್ನೂ ಸಣ್ಣ ಕ್ಯಾಮೆರಾ ಸೆರೆಹಿಡಿಯುತ್ತದೆ, ಅವೆರಡರ ಸಂಬಂಧದಿಂದ ದೃಷ್ಟಿಯ ದಿಕ್ಕು ದೊರೆಯುತ್ತದೆ. ನೋಟ ಜಿಗಿಯುವ ಕ್ಷಣದಲ್ಲಿ ನಾವು ಬಹುಮಟ್ಟಿಗೆ ಕುರುಡರು. ಆ ಸಂದಿನಲ್ಲಿ ಯಂತ್ರ ಹೊಸ ಜಾಗವನ್ನು ಸಜ್ಜುಗೊಳಿಸಬೇಕು. ತಡವಾದರೆ ಗುಟ್ಟು ಬಯಲಾಗುತ್ತದೆ. ಅಂಚಿನ ದೃಷ್ಟಿ ವಿವರಕ್ಕೆ ಮಂದವಾದರೂ ಚಲನೆಗೆ ಚುರುಕು. ಆದಕಾರಣ ಅಲ್ಲಿಯ ಚಿತ್ರ ಸ್ಥೂಲವಾಗಿರಬಹುದೇ ಹೊರತು ಮಿಣುಕಬಾರದು. ಇನ್ನೊಂದು ಮಿತಿಯೂ ಉಂಟು. ಹತ್ತು ಮಂದಿ ಕೂಡಿ ನೋಡುವ ಪರದೆಯಲ್ಲಿ ಯಾರ ಕಣ್ಣನ್ನು ಅನುಸರಿಸುವುದು? ಇದು ಒಬ್ಬರೇ ನೋಡುವ ಪರದೆಗೆ ತಕ್ಕ ವಿದ್ಯೆ.

ಇಲ್ಲಿಯವರೆಗೆ ನನ್ನದು ಮೆಚ್ಚುಗೆಯೇ. ಅಳುಕು ಹುಟ್ಟುವುದು ರಷ್ಯದ ಆಲ್ಫ್ರೆಡ್ ಯಾರ್ಬಸ್‌ನ ಪ್ರಯೋಗಗಳನ್ನು ನೆನೆದಾಗ. ಆತನ ಗ್ರಂಥ 1967ರಲ್ಲಿ ಇಂಗ್ಲಿಷಿಗೆ ಬಂದಿತು. ಗಡೀಪಾರಾಗಿದ್ದವನೊಬ್ಬ ಅನಿರೀಕ್ಷಿತವಾಗಿ ಮನೆಗೆ ಮರಳಿದ ದೃಶ್ಯವನ್ನು ಇಲ್ಯಾ ರೆಪಿನ್ ಚಿತ್ರಿಸಿದ್ದಾನೆ. ಯಾರ್ಬಸ್ ಅದನ್ನು ಒಬ್ಬನಿಗೇ ಮತ್ತೆ ಮತ್ತೆ ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದ. ಇವರ ವಯಸ್ಸೆಷ್ಟು ಎಂದಾಗ ನೋಟ ಮುಖಗಳ ಮೇಲೆ ಸುಳಿಯಿತು. ಉಡುಪನ್ನು ನೆನಪಿಡು ಎಂದಾಗ ಬಟ್ಟೆಗಳ ಮೇಲೆ ಹರಿಯಿತು. ಚಿತ್ರ ಒಂದೇ, ಉದ್ದೇಶ ಬದಲಾದಂತೆ ಕಣ್ಣಿನ ದಾರಿಯೂ ಬದಲಾಯಿತು. ಎಂದಮೇಲೆ ಕಣ್ಣಿನ ದಾರಿಯೆಂಬುದು ಮನಸ್ಸಿನ ಹೆಜ್ಜೆಗುರುತಲ್ಲವೆ?

ಯಾರ್ಬಸ್ ತನ್ನ ಸಾಧನವನ್ನು ಕಣ್ಣುಗುಡ್ಡೆಗೇ ಅಂಟಿಸುತ್ತಿದ್ದ. ತನ್ನನ್ನು ಪರೀಕ್ಷಿಸುತ್ತಿದ್ದಾರೆಂಬುದನ್ನು ಆ ನೋಡುಗ ಮರೆಯುವಂತಿರಲಿಲ್ಲ. ಇಂದಿನ ನೋಡುಗನಿಗೆ ಯಾವ ತೊಡಕೂ ಇಲ್ಲ. ಆದುದರಿಂದ ಎಚ್ಚರವೂ ಇಲ್ಲ. ಯಾವ ಮುಖದ ಮೇಲೆ ಆತನ ನೋಟ ನಿಂತಿತು, ಯಾವ ವಸ್ತುವಿಗೆ ಮರಳಿತು, ಯಾವುದರಿಂದ ಹಿಮ್ಮೆಟ್ಟಿತು ಎಂಬುದೆಲ್ಲ ಯಂತ್ರದ ಕೈ ಸೇರುತ್ತದೆ. ಪುಸ್ತಕಕ್ಕೆ ಓದುಗನ ಕಣ್ಣು ಎಲ್ಲಿ ತಡೆಯಿತೆಂದು ತಿಳಿಯದು. ನಾವು ಈವರೆಗೆ ಏಕಾಂತವೆಂದು ಕರೆದುದರಲ್ಲಿ ಈ ಅಜ್ಞಾನದ ಪಾಲು ದೊಡ್ಡದು.

ಹಾಗೆಂದು ವಿದ್ಯೆಯನ್ನೇ ತೊರೆಯಬೇಕೆಂದು ನಾನು ಹೇಳಲಾರೆ. ಶಕ್ತಿಯ ಉಳಿತಾಯ ಸಣ್ಣ ಲಾಭವಲ್ಲ. ಆದರೆ ಒಂದು ಚಿತ್ರವನ್ನು ಬಿಡಿಸಲು ಬೇಕಾದುದು ಆ ಕ್ಷಣದ ನೋಟವಷ್ಟೆ, ನಿನ್ನೆಯ ನೋಟವಲ್ಲ. ಕೆಲಸ ಮುಗಿದೊಡನೆ ಅದನ್ನು ಅಳಿಸಿಹಾಕುವುದರಿಂದ ಚಿತ್ರಕ್ಕೆ ಯಾವ ಕುಂದೂ ಇಲ್ಲ. ಕೂಡಿಡುವವರು ಚಿತ್ರಕ್ಕಾಗಿ ಅಲ್ಲ, ಬೇರೆ ಯಾವುದಕ್ಕೋ ಕೂಡಿಡುತ್ತಾರೆ. ಯಂತ್ರ ಕಣ್ಣಿನಿಂದ ಮಿತವ್ಯಯವನ್ನು ಕಲಿತಿದೆ. ನೋಡಿದುದೆಲ್ಲವನ್ನೂ ಕೂಡಿಡದೆ ಬಿಟ್ಟುಕೊಡುವ ಕಣ್ಣಿನ ಗುಣವನ್ನೂ ಅದಕ್ಕೆ ಕಲಿಸುವುದು ನಮ್ಮ ಹೊಣೆ.